ತೆಗೆದದ್ದು ಬಹಳ, ಇಟ್ಟದ್ದೆಷ್ಟು?

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಶ್ರಾವಕ ಕುಟುಂಬಗಳಲ್ಲಿ ಇತ್ತೀಚೆಗೆ ಒಂದು ದೃಶ್ಯ ಪದೇ ಪದೇ ಕಾಣಸಿಗುತ್ತದೆ. ಮನೆಯ ಹಿರಿಯರೊಬ್ಬರು ಕಾಲವಶರಾಗುತ್ತಾರೆ. ಸಂಜೆಯೊಳಗೆ ಶ್ರದ್ಧಾಂಜಲಿಯ ಫ್ಲೆಕ್ಸ್ ಸಿದ್ಧವಾಗಬೇಕು. ಪತ್ರಿಕೆಗೆ ಭಾವಚಿತ್ರ ಕಳುಹಿಸಬೇಕು. ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ತಮ್ಮ ತಮ್ಮ ಮೊಬೈಲುಗಳನ್ನು ತಡಕಾಡತೊಡಗುತ್ತಾರೆ. ಎಲ್ಲರದನ್ನೂ ಕೂಡಿಸಿದರೆ ಮೂವತ್ತು-ನಲವತ್ತು ಸಾವಿರ ಚಿತ್ರಗಳಿವೆ. ಊಟದ ಎಲೆಯ ಚಿತ್ರವಿದೆ, ಹುಟ್ಟುಹಬ್ಬದ ಕೇಕಿನ ಚಿತ್ರವಿದೆ, ಯಾರೋ ಕಳುಹಿಸಿದ ಶುಭೋದಯದ ಹೂವುಗಳು ನೂರಾರು ಇವೆ. ಆದರೆ ಎಂಬತ್ತು ವರ್ಷ ಆ ಮನೆಯಲ್ಲಿ ಬಾಳಿದವರ ಒಂದು ಸ್ಪಷ್ಟವಾದ ಮುಖ ಸಿಗುವುದಿಲ್ಲ. ಕೊನೆಗೆ ಯಾವುದೋ ಮದುವೆಯ ಗುಂಪುಚಿತ್ರದ ಹಿಂದಿನ ಸಾಲಿನಿಂದ ಮುಖವೊಂದನ್ನು ಕತ್ತರಿಸಿ, ಹಿಗ್ಗಿಸಿ, ಮಸುಕಾದ ಚಿತ್ರಕ್ಕೆ ಹಾರ ಹಾಕಲಾಗುತ್ತದೆ. ತೀರಿಕೊಂಡವರ ಸ್ವಂತ ಮೊಬೈಲು ಅಲ್ಲೇ ಕಪಾಟಿನಲ್ಲಿದೆ. ಅದರಲ್ಲಿ ಏನೇನಿದೆಯೋ ಯಾರೂ ಅರಿಯರು. ಅದನ್ನು ತೆರೆಯುತ್ತಿದ್ದುದು ಅವರ ಬೆರಳಚ್ಚು ಮಾತ್ರ. ಅದು ಚಿತೆಯೊಡನೆ ಹೋಯಿತು.

ಚಿತ್ರಗಳ ಕೊರತೆಯಿಂದ ಈ ಸ್ಥಿತಿ ಬಂದಿಲ್ಲ. ಚಿತ್ರವನ್ನು ತೆಗೆದೊಡನೆ ಅದು ಉಳಿಯಿತೆಂದು ಭಾವಿಸಿದ ಭ್ರಾಂತಿಯಿಂದ ಬಂದಿದೆ. ಶಾಸ್ತ್ರದ ಒಂದೇ ಶಬ್ದದಲ್ಲಿ ಹೇಳುವುದಾದರೆ ಇದು ಪ್ರಮಾದ. ಲೆಕ್ಕದಲ್ಲಿ ಒಂದು ಪೈಸೆಯನ್ನೂ ಬಿಡದ ವ್ಯಾಪಾರಸ್ಥ ಸಮಾಜವು ತನ್ನ ಮನೆತನದ ನೆನಪಿನ ವಿಷಯದಲ್ಲಿ ಇಷ್ಟು ಪ್ರಮಾದಕ್ಕೆ ಒಳಗಾಗಿರುವುದು ನಾಚಿಕೆಯ ಸಂಗತಿಯೆಂದು ಮುಚ್ಚುಮರೆಯಿಲ್ಲದೆ ಹೇಳಬೇಕಾಗಿದೆ.

ಆದಾನವುಂಟು, ನಿಕ್ಷೇಪವಿಲ್ಲ

ಮುನಿಗಳಿಗೆ ವಿಹಿತವಾದ ಐದು ಸಮಿತಿಗಳಲ್ಲಿ ಆದಾನ-ನಿಕ್ಷೇಪಣ ಸಮಿತಿಯೂ ಒಂದು. ಪಿಂಛಿ, ಕಮಂಡಲು, ಶಾಸ್ತ್ರ ಯಾವುದೇ ಇರಲಿ, ವಸ್ತುವನ್ನು ಎತ್ತಿಕೊಳ್ಳುವಾಗಲೂ ಇಡುವಾಗಲೂ ಸ್ಥಳವನ್ನು ನೋಡಿ, ಜೀವಹಿಂಸೆಯಾಗದಂತೆ ಎಚ್ಚರವಹಿಸಬೇಕೆಂಬುದು ಅದರ ತಾತ್ಪರ್ಯ. ಶ್ರಾವಕನಿಗೆ ಅದು ಮಹಾವ್ರತಿಯ ಕಟ್ಟುನಿಟ್ಟಿನಲ್ಲಿ ವಿಧಿಸಲ್ಪಟ್ಟಿಲ್ಲವಾದರೂ ಅದರ ಹಿಂದಿರುವ ವಿವೇಕ ಗೃಹಸ್ಥನಿಗೂ ಸಲ್ಲುತ್ತದೆ. ಎತ್ತಿಕೊಳ್ಳುವುದು ಎಷ್ಟು ಮುಖ್ಯವೋ ಇಡುವುದೂ ಅಷ್ಟೇ ಮುಖ್ಯ. ಇಂದಿನ ಮನೆಗಳಲ್ಲಿ ಚಿತ್ರಗಳ ಆದಾನ ದಿನಕ್ಕೆ ಇಪ್ಪತ್ತು ಬಾರಿ ನಡೆಯುತ್ತದೆ. ನಿಕ್ಷೇಪ ವರ್ಷಕ್ಕೊಮ್ಮೆಯೂ ಇಲ್ಲ.

ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕಗಳನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಬಹುದು. 1993ರಲ್ಲಿ ಈ ಭಾಗದಿಂದ ಹೋದ ಕುಟುಂಬಗಳು ಮೂವತ್ತಾರು ಚಿತ್ರಗಳ ಒಂದೋ ಎರಡೋ ರೀಲುಗಳನ್ನು ಒಯ್ದಿದ್ದವು. ರೀಲಿಗೂ ತೊಳೆಸುವುದಕ್ಕೂ ಹಣ ತೆರಬೇಕಾಗಿದ್ದರಿಂದ ನೋಡಿ ನೋಡಿ ತೆಗೆದರು. ಆ ಚಿತ್ರಗಳು ಬಣ್ಣ ಮಾಸಿದರೂ ಆಲ್ಬಮ್ಮಿನಲ್ಲಿವೆ. 2006ರ ಹೊತ್ತಿಗೆ ಸಣ್ಣ ಡಿಜಿಟಲ್ ಕ್ಯಾಮೆರಾಗಳು ಬಂದಿದ್ದವು, ಚಿತ್ರಗಳು ಸಿ.ಡಿ.ಗಳಿಗೆ ಹೋದವು. ಈಗ ಆ ಸಿ.ಡಿ.ಗಳನ್ನು ಹಾಕಲು ಹೊಸ ಕಂಪ್ಯೂಟರುಗಳಲ್ಲಿ ಕಿಂಡಿಯೇ ಇಲ್ಲ. ಹಾಕಿದರೂ ಹಲವು ತೆರೆಯುವುದಿಲ್ಲ. 2018ರಲ್ಲಿ ಪ್ರತಿಯೊಬ್ಬರ ಕೈಯಲ್ಲೂ ಮೊಬೈಲು ಇತ್ತು. ಅಂದು ತೆಗೆದ ನೂರಾರು ಚಿತ್ರಗಳು ಎಲ್ಲಿವೆಯೆಂದು ಕೇಳಿದರೆ ‘ಹಳೆಯ ಮೊಬೈಲಿನಲ್ಲಿ’ ಎಂಬ ಉತ್ತರ ಬರುತ್ತದೆ. ಹಳೆಯ ಮೊಬೈಲು ಎಲ್ಲಿದೆಯೆಂದು ಕೇಳಿದರೆ ಉತ್ತರವಿಲ್ಲ. ಉಪಕರಣಗಳು ಸುಧಾರಿಸುತ್ತ ಹೋದಂತೆ ಉಳಿದದ್ದು ಕಡಿಮೆಯಾಗುತ್ತ ಬಂದಿದೆ.

ಸ್ವಲ್ಪ ಲೆಕ್ಕ ಹಾಕಿ ನೋಡಬೇಕು. ಒಂದು ಕುಟುಂಬ ದಿನಕ್ಕೆ ಇಪ್ಪತ್ತು ಚಿತ್ರ ತೆಗೆದರೆ ವರ್ಷಕ್ಕೆ 7,300 ಆಗುತ್ತದೆ; ಹತ್ತು ವರ್ಷಕ್ಕೆ 73,000. ಒಂದೊಂದನ್ನು ಐದೇ ಸೆಕೆಂಡು ನೋಡಿದರೂ ಇವೆಲ್ಲವನ್ನು ನೋಡಿ ಮುಗಿಸಲು ನೂರು ತಾಸಿಗಿಂತ ಹೆಚ್ಚು ಬೇಕು. ಯಾವ ಮೊಮ್ಮಗಳೂ ಅಜ್ಜನ ಮೊಬೈಲಿಗೆ ನೂರು ತಾಸು ಕೊಡಲಾರಳು. ಅದೇ ಕುಟುಂಬ ವರ್ಷಕ್ಕೆ 200 ಚಿತ್ರಗಳನ್ನು ಆರಿಸಿ ಉಳಿದವನ್ನು ಬಿಟ್ಟರೆ ಹತ್ತು ವರ್ಷಕ್ಕೆ 2,000. ಮೂರು ತಾಸಿನೊಳಗೆ ನೋಡಿ ಮುಗಿಯುತ್ತದೆ. ಒಂದು ರವಿವಾರ ಮಧ್ಯಾಹ್ನ ಮನೆಮಂದಿಯೆಲ್ಲ ಕೂಡಿ ನೋಡಬಹುದಾದ ಸಂಗ್ರಹವಿದು. ಕಲಬುರಗಿ ಸೀಮೆಯಲ್ಲಿ ಹಸನು ಮಾಡದ ತೊಗರಿಯನ್ನು ಉತ್ತಮ ಮಾಲೆಂದು ಗೋದಾಮಿಗೆ ಹಾಕುವ ವ್ಯಾಪಾರಿಯಿಲ್ಲ. ಕಲ್ಲು, ಕಡ್ಡಿ, ಹೊಟ್ಟು ಸಹಿತ ತುಂಬಿಟ್ಟರೆ ಮಾಲಿನ ತೂಕ ಹೆಚ್ಚುತ್ತದೆಯೇ ಹೊರತು ಬೆಲೆ ಹೆಚ್ಚುವುದಿಲ್ಲವೆಂಬುದು ಅವನಿಗೆ ಗೊತ್ತು. ಮೊಬೈಲಿನ ವಿಷಯದಲ್ಲಿ ಮಾತ್ರ ಆ ಬುದ್ಧಿ ಎಲ್ಲಿಗೆ ಹೋಗುತ್ತದೆ?

ಎರಡು ಸುಳ್ಳು ಸಮಾಧಾನಗಳು

ಈ ವಿಷಯವನ್ನು ಎತ್ತಿದಾಗ ಹಿರಿಯರು ಒಂದು ಸಮಾಧಾನವನ್ನೂ ಕಿರಿಯರು ಇನ್ನೊಂದನ್ನೂ ಮುಂದೊಡ್ಡುತ್ತಾರೆ. ‘ಕಾಗದದ ಆಲ್ಬಮ್ಮೇ ಒಳ್ಳೆಯದು, ಅದಕ್ಕೆ ಕರೆಂಟೂ ಬೇಡ, ಪಾಸ್‌ವರ್ಡೂ ಬೇಡ’ ಎಂಬುದು ಹಿರಿಯರ ಮಾತು. ಅದರಲ್ಲಿ ಸತ್ಯಾಂಶವುಂಟು. ಆದರೆ ಆ ಮಾತಿಗೆ ಭೀಮಾ ನದಿ ಉತ್ತರ ಕೊಟ್ಟಿದೆ. 2020ರ ಅಕ್ಟೋಬರಿನಲ್ಲಿ ಉಜನಿಯಿಂದ ಬಿಟ್ಟ ನೀರು ಮತ್ತು ಅತಿವೃಷ್ಟಿ ಎರಡೂ ಕೂಡಿ ಅಫಜಲಪುರ ಮತ್ತು ಜೇವರ್ಗಿ ತಾಲೂಕುಗಳ ನದೀತೀರದ ಊರುಗಳಿಗೆ ನುಗ್ಗಿದವು. 2025ರ ಸೆಪ್ಟೆಂಬರಿನಲ್ಲಿ ಭೀಮೆ ಮತ್ತೊಮ್ಮೆ ಉಕ್ಕಿತು. ಇಂಥ ಹೊತ್ತಿನಲ್ಲಿ ಜನರು ಮೊದಲು ಹೊತ್ತೊಯ್ಯುವುದು ಮಕ್ಕಳನ್ನು, ಮುದುಕರನ್ನು, ಬಂಗಾರವನ್ನು, ಹೊಲದ ಪಹಣಿಯನ್ನು. ಟ್ರಂಕಿನ ತಳದಲ್ಲಿರುವ ಆಲ್ಬಮ್ ಕೊನೆಯ ಸಾಲಿನಲ್ಲಿ ನಿಲ್ಲುತ್ತದೆ. ನೀರು ಹೊಕ್ಕ ಆಲ್ಬಮ್ಮಿನಲ್ಲಿ ಚಿತ್ರಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಒಣಗಿದ ಮೇಲೆ ಬಿಡಿಸಹೋದರೆ ಮುಖಗಳೇ ಕಿತ್ತುಬರುತ್ತವೆ. ಪ್ರತಿಯಿಲ್ಲದ ಆಲ್ಬಮ್ ಒಂದು ಮಳೆಗಾಲದ ಮಾತು.

‘ಎಲ್ಲವೂ ಗೂಗಲ್ಲಿನಲ್ಲಿದೆ’ ಎಂಬುದು ಕಿರಿಯರ ಸಮಾಧಾನ. ಗೂಗಲ್ ಫೋಟೋಸ್ ಅನೇಕರಿಗೆ ಉಪಕಾರ ಮಾಡಿದೆಯೆಂಬುದು ನಿಜ. ಆದರೆ ಪರರ ಗೋದಾಮಿನಲ್ಲಿ ಮಾಲು ಇಟ್ಟವನು ಅಲ್ಲಿಯ ಕರಾರನ್ನು ಓದಿರಬೇಕಷ್ಟೆ. ಮಿತಿಯಿಲ್ಲದ ಉಚಿತ ಸ್ಥಳವನ್ನು ಆ ಸಂಸ್ಥೆ 2021ರ ಜೂನ್ 1ರಿಂದ ನಿಲ್ಲಿಸಿತು. ಈಗ ಉಚಿತವಾಗಿ ಸಿಗುವುದು 15 ಜಿಬಿ. ಅದರಲ್ಲೇ ಅಂಚೆಯೂ ದಾಖಲೆಗಳೂ ಚಿತ್ರಗಳೂ ಹಿಡಿಯಬೇಕು. ಒಂದು ಚಿತ್ರಕ್ಕೆ 4 ಎಂಬಿ ಎಂದು ಹಿಡಿದರೆ ಸುಮಾರು 3,750 ಚಿತ್ರಗಳಿಗೆ ಅದು ತುಂಬಿತು. ತುಂಬಿದ ಮೇಲೆ ಹೊಸ ಚಿತ್ರಗಳ ಪ್ರತಿ ನಿಂತುಹೋಗುತ್ತದೆ. ಮೊಬೈಲಿನ ಮೂಲೆಯಲ್ಲಿ ಅದರ ಸೂಚನೆ ಬರುತ್ತಲೇ ಇರುತ್ತದೆ, ಯಾರೂ ಓದುವುದಿಲ್ಲ. ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ಅಳಿಸುವ ನಿಯಮವೂ 2023ರ ಡಿಸೆಂಬರಿನಿಂದ ಜಾರಿಯಲ್ಲಿದೆ. ಅಂದರೆ ತೀರಿಕೊಂಡವರ ಖಾತೆಯನ್ನು ಯಾರೂ ತೆರೆಯದಿದ್ದರೆ ಎರಡನೆಯ ವರ್ಷ ಕಳೆದ ಮೇಲೆ ಅವರು ತೆಗೆದ ಚಿತ್ರಗಳೂ ಹೋಗಬಹುದು.

ಇನ್ನೊಂದು ಮಾತು. ಮೊಬೈಲು ಮತ್ತು ದೂರದ ಖಾತೆ ಎರಡೂ ಒಂದಕ್ಕೊಂದು ಹೊಂದಿಕೊಂಡು ನಡೆಯುವಂತೆ ಮಾಡಿದ್ದರೆ, ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ. ಪ್ರತಿ ಇದೆಯೆಂದು ನಂಬಿ ಮೊಬೈಲಿನಲ್ಲಿ ಜಾಗ ಮಾಡಲು ಚಿತ್ರಗಳನ್ನು ಅಳಿಸಿದವರು, ಕಸದ ಬುಟ್ಟಿಯ ಅರವತ್ತು ದಿನಗಳ ಗಡುವು ಮುಗಿದ ಮೇಲೆ ಎಚ್ಚತ್ತುಕೊಂಡರೆ ಫಲವಿಲ್ಲ. ಕನ್ನಡಿಯಲ್ಲಿ ಕಾಣುವ ಬಿಂಬ ಎರಡನೆಯ ಮನುಷ್ಯನಲ್ಲ. ಆರ್ಕುಟ್ ಎಂಬ ತಾಣದಲ್ಲಿ ಒಂದು ಕಾಲಕ್ಕೆ ಈ ದೇಶದ ಲಕ್ಷಾಂತರ ತರುಣರ ಚಿತ್ರಗಳಿದ್ದವು; 2014ರ ಸೆಪ್ಟೆಂಬರ್ 30ರಂದು ಅದು ಮುಚ್ಚಿತು. ಅಂದಿನ ತರುಣರೇ ಇಂದು ಮಕ್ಕಳಿಗೆ ಕಾಲೇಜಿನ ಚಿತ್ರ ತೋರಿಸಲಾರದ ತಂದೆತಾಯಿಗಳು.

ವಾಟ್ಸಾಪಿನ ಸಂಗತಿ ಇದಕ್ಕಿಂತ ಶೋಚನೀಯ. ಅಲ್ಲಿ ಸಾಮಾನ್ಯ ರೀತಿಯಲ್ಲಿ ಕಳುಹಿಸಿದ ಚಿತ್ರ ಕುಗ್ಗುತ್ತದೆ. ಅದು ಯಾವ ದಿನ, ಯಾವ ಸ್ಥಳದಲ್ಲಿ ತೆಗೆದದ್ದೆಂದು ಚಿತ್ರದೊಳಗೆ ಅಡಗಿದ್ದ ಮಾಹಿತಿಯೂ ಕಳಚಿಹೋಗುತ್ತದೆ. ಹತ್ತು ಗುಂಪುಗಳನ್ನು ಸುತ್ತಿಬಂದ ಚಿತ್ರಕ್ಕೆ ದಿನವೂ ಇಲ್ಲ, ತೆಗೆದವರ ಹೆಸರೂ ಇಲ್ಲ. ಅದನ್ನು ಸಂಗ್ರಹವೆಂದು ಕರೆಯುವುದು ಚಲಾವಣೆಯಲ್ಲಿ ಸವೆದ ನಾಣ್ಯವನ್ನು ಟಂಕಸಾಲೆಯ ಮುದ್ರೆಯೆಂದು ನಂಬಿದ ಹಾಗೆ.

ಪೊನ್ನನ ಎರಡು ಕೃತಿಗಳು

ಉಳಿಸುವ ವಿದ್ಯೆ ಈ ಸೀಮೆಗೆ ಹೊಸದೇನೂ ಅಲ್ಲ. ಸೇಡಂ ತಾಲೂಕಿನ ಮಳಖೇಡವು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿದ್ದಾಗ, ಮೂರನೆಯ ಕೃಷ್ಣನ ಆಶ್ರಯದಲ್ಲಿದ್ದ ಕವಿಚಕ್ರವರ್ತಿ ಪೊನ್ನನು ಶಾಂತಿಪುರಾಣವನ್ನು ರಚಿಸಿದನು. ಭುವನೈಕರಾಮಾಭ್ಯುದಯವೆಂಬ ಕಾವ್ಯವನ್ನೂ ಅವನೇ ರಚಿಸಿದನೆಂದು ತಿಳಿದುಬಂದಿದೆ. ದಾನಚಿಂತಾಮಣಿ ಅತ್ತಿಮಬ್ಬೆಯು ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಇಂದು ಶಾಂತಿಪುರಾಣ ಅಚ್ಚಾಗಿ ಕೈಯಲ್ಲಿದೆ. ಭುವನೈಕರಾಮಾಭ್ಯುದಯದ ಹೆಸರು ಮಾತ್ರ ಉಳಿದಿದೆ. ಒಬ್ಬನೇ ಕವಿ, ಒಂದೇ ಕಾಲ. ಒಂದಕ್ಕೆ ಪ್ರತಿ ಮಾಡಿಸುವ ಒಬ್ಬ ಶ್ರಾವಿಕೆ ದೊರೆತಳು. ಇನ್ನೊಂದಕ್ಕೆ ಅಂಥವರು ದೊರೆತಂತೆ ತೋರುವುದಿಲ್ಲ. ಅತ್ತಿಮಬ್ಬೆಯನ್ನು ಸಭೆಗಳಲ್ಲಿ ಕೊಂಡಾಡುವವರು ಆಕೆ ಮಾಡಿದ ಕೆಲಸ ಏನೆಂಬುದನ್ನು ಒಮ್ಮೆ ಯೋಚಿಸಬೇಕು. ಆಕೆ ಗ್ರಂಥವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಲಿಲ್ಲ. ಸಾವಿರ ಕಡೆ ಇಟ್ಟಳು.

ಬೀಗದ ಮಾರ್ಗದ ಕಥೆಯೂ ಉಂಟು. ಧವಲ, ಜಯಧವಲ, ಮಹಾಬಂಧ ಗ್ರಂಥಗಳ ತಾಳೆಗರಿಗಳು ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ಪೂಜೆಗೊಳ್ಳುತ್ತಿದ್ದವು. ಅಲ್ಲಿಯ ಶ್ರಾವಕರ ಭಕ್ತಿಯಿಂದಲೇ ಅವು ಉಳಿದವು. ಆ ಋಣವನ್ನು ಮರೆಯಲಾಗದು. ಆದರೆ ದರ್ಶನಕ್ಕೆ ದೊರೆಯುತ್ತಿದ್ದವೇ ಹೊರತು ಓದಿಗೆ ದೊರೆಯುತ್ತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸೊಲ್ಲಾಪುರ, ಮುಂಬಯಿಗಳ ಶ್ರೇಷ್ಠಿಗಳ ಪ್ರಯತ್ನದಿಂದ ಪ್ರತಿ ಮಾಡುವ ಕಾರ್ಯ ಆರಂಭವಾಯಿತು. ಆ ಹೊತ್ತಿಗೆ ಮಹಾಬಂಧದ ಕೆಲವು ಗರಿಗಳು ನಷ್ಟವಾಗಿದ್ದವು. ಬೇರೆಲ್ಲಿಯೂ ಪ್ರತಿಯಿಲ್ಲದ ಕಾರಣ ಆ ಭಾಗ ಮರಳಿ ಬರಲಿಲ್ಲ. ಪ್ರತಿಗಳು ಹೊರಗೆ ಬಂದ ಮೇಲೆಯೇ ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ 1939ರಲ್ಲಿ ಧವಲಟೀಕೆ ಸಹಿತವಾದ ಷಟ್ಖಂಡಾಗಮದ ಮೊದಲ ಸಂಪುಟ ಪ್ರಕಟವಾಯಿತು. ಗ್ರಂಥಕ್ಕೂ ಮನೆಯ ಚಿತ್ರಕ್ಕೂ ಅಜಗಜಾಂತರವುಂಟೆಂದು ಯಾರಾದರೂ ಆಕ್ಷೇಪಿಸಬಹುದು. ಮಹತ್ತ್ವದಲ್ಲಿ ಅಂತರ ನಿಜ. ನಾಶವಾಗುವ ರೀತಿಯಲ್ಲಿ ಅಂತರವಿಲ್ಲ. ಒಂದೇ ಕಡೆ ಇದ್ದದ್ದು ಒಂದೇ ಏಟಿಗೆ ಹೋಗುತ್ತದೆ.

ಅನಿತ್ಯವೆಂಬ ನೆಪ

ಕೆಲವು ಪಂಡಿತರು ಇಲ್ಲಿ ಮೂಗು ಮುರಿಯುತ್ತಾರೆ. ಸಂಸಾರವೇ ಅನಿತ್ಯ, ದೇಹವೇ ಅನಿತ್ಯ, ಅದರ ನೆರಳಾದ ಚಿತ್ರವನ್ನು ಕಾಪಾಡುವುದು ಮೋಹವಲ್ಲವೇ, ಪರಿಗ್ರಹವಲ್ಲವೇ ಎಂಬುದು ಅವರ ಪ್ರಶ್ನೆ. ಪ್ರಶ್ನೆ ಹಗುರವಾದುದಲ್ಲ, ಉತ್ತರಿಸಬೇಕಾದುದೇ.

ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಅನಿತ್ಯವು ಮೊದಲನೆಯದು. ಅದರ ಪ್ರಯೋಜನ ಆಸಕ್ತಿಯನ್ನು ಸಡಿಲಿಸುವುದು, ಹೊಣೆಯನ್ನು ಸಡಿಲಿಸುವುದಲ್ಲ. ಅನಿತ್ಯವೆಂದು ಯಾವ ವ್ಯಾಪಾರಿಯೂ ಅಂಗಡಿಯ ಬಾಗಿಲನ್ನು ತೆರೆದಿಟ್ಟು ಮನೆಗೆ ಹೋಗುವುದಿಲ್ಲ. ಎಲ್ಲವೂ ಅಳಿಯುವುದೆಂದು ಧರಸೇನಾಚಾರ್ಯರು ಸುಮ್ಮನಿದ್ದಿದ್ದರೆ ಪುಷ್ಪದಂತ-ಭೂತಬಲಿಗಳು ಶ್ರುತವನ್ನು ಬರಹಕ್ಕೆ ಇಳಿಸುತ್ತಿರಲಿಲ್ಲ. ಸ್ಮರಣಶಕ್ತಿ ಕುಂದುತ್ತಿದೆಯೆಂದು ಅರಿತದ್ದರಿಂದಲೇ ಅವರು ಬರೆದರು. ಅನಿತ್ಯದ ಅರಿವು ಅವರನ್ನು ಕೆಲಸಕ್ಕೆ ಹಚ್ಚಿತು.

ಇನ್ನು ಪರಿಗ್ರಹದ ಮಾತು. ತತ್ತ್ವಾರ್ಥಸೂತ್ರಕಾರರು ಪರಿಗ್ರಹವನ್ನು ವಸ್ತುವಿನಲ್ಲಿ ಕಾಣದೆ ಮೂರ್ಛೆಯಲ್ಲಿ, ಅಂದರೆ ಮಮಕಾರದಲ್ಲಿ ಕಂಡಿದ್ದಾರೆ. ಹಾಗಾದರೆ ಪರಿಗ್ರಹಿ ಯಾರು? ಎಂಬತ್ತು ಸಾವಿರ ಚಿತ್ರಗಳಲ್ಲಿ ಒಂದನ್ನೂ ನೋಡದೆ, ಒಂದನ್ನೂ ಅಳಿಸಲು ಮನಸ್ಸಿಲ್ಲದೆ, ಜಾಗ ಸಾಲದೆಂದು ವರ್ಷ ವರ್ಷವೂ ದೊಡ್ಡ ಮೊಬೈಲು ಕೊಳ್ಳುವವನೋ? ಇಲ್ಲವೆ ಇನ್ನೂರನ್ನು ಆರಿಸಿ, ಹೆಸರಿಟ್ಟು, ಉಳಿದದ್ದನ್ನು ನಿರ್ಮಮತೆಯಿಂದ ಬಿಟ್ಟುಕೊಟ್ಟವನೋ? ಹೊಲ, ಮನೆ, ಧನ, ಧಾನ್ಯಗಳಿಗೆ ಪರಿಮಾಣ ಹಾಕಿಕೊಳ್ಳುವ ಅಣುವ್ರತವನ್ನು ಚಿತ್ರಗಳಿಗೂ ಅನ್ವಯಿಸಿದರೆ ಅರ್ಧ ಸಮಸ್ಯೆ ಅಲ್ಲಿಗೇ ತೀರುತ್ತದೆ. ಪ್ರತಿ ವರ್ಷಕ್ಕೆ ಇಷ್ಟೇ ಚಿತ್ರಗಳೆಂದು ಮನೆಯವರೆಲ್ಲ ಕೂಡಿ ನಿಯಮ ಮಾಡಿಕೊಳ್ಳುವುದು ವ್ರತದ ಅಭ್ಯಾಸವೂ ಆಯಿತು, ವ್ಯವಸ್ಥೆಯೂ ಆಯಿತು.

ಕೀರ್ದಿ-ಖತೆಯ ಕ್ರಮ

‘ಇದೆಲ್ಲ ಹುಡುಗರ ಕೆಲಸ, ನಮಗೆ ತಿಳಿಯದು’ ಎಂದು ಜಾರಿಕೊಳ್ಳುವ ಯಜಮಾನರಿಗೆ ಒಂದು ಮಾತು. ದಿನದ ವ್ಯವಹಾರವನ್ನು ಕೀರ್ದಿಯಲ್ಲಿ ಬರೆದು, ಅಲ್ಲಿಂದ ಖತೆಗೆ ಏರಿಸಿ, ದೀಪಾವಳಿಗೆ ಶಿಲ್ಕು ತೆಗೆಯುವ ವಿದ್ಯೆ ಈ ಸಮಾಜದ ರಕ್ತದಲ್ಲಿದೆ. ಜಿಎಸ್‌ಟಿ ಕಾಯ್ದೆ ವಾರ್ಷಿಕ ವಿವರಣೆಯ ಗಡುವಿನಿಂದ 72 ತಿಂಗಳವರೆಗೆ ಲೆಕ್ಕಪತ್ರಗಳನ್ನು ಕಾಯ್ದಿಡಬೇಕೆಂದರೆ ಒಂದು ರಸೀದಿಯೂ ಕಳೆಯದಂತೆ ಇಡುವವರು ಇವರೇ. ಚಿತ್ರಸಂಗ್ರಹಕ್ಕೆ ಬೇಕಾದುದು ಅದೇ ವಿದ್ಯೆ.

ಮೊದಲನೆಯದು, ಹಸನು ಮಾಡುವುದು. ತಿಂಗಳಿಗೊಮ್ಮೆ, ಬೇಕಾದರೆ ಚತುರ್ದಶಿಯ ದಿನ, ಅರ್ಧ ತಾಸು ಕುಳಿತು ಆ ತಿಂಗಳ ಚಿತ್ರಗಳಲ್ಲಿ ಹದಿನೈದಿಪ್ಪತ್ತನ್ನು ಆರಿಸಬೇಕು. ಒಂದೇ ಭಂಗಿಯ ಹತ್ತು ಚಿತ್ರಗಳಿದ್ದರೆ ಒಂದು ಸಾಕು. ಶುಭೋದಯ, ಶುಭರಾತ್ರಿಗಳನ್ನು ನಿರ್ದಾಕ್ಷಿಣ್ಯವಾಗಿ ತೆಗೆದುಹಾಕಬೇಕು.

ಎರಡನೆಯದು, ಹೆಸರಿಡುವುದು. ಕ್ಯಾಮೆರಾ ಇಟ್ಟ ಅಂಕೆ-ಅಕ್ಷರಗಳ ಹೆಸರು ಯಾರಿಗೂ ಏನನ್ನೂ ಹೇಳುವುದಿಲ್ಲ. ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ದಿನ, ನಂತರ ಪ್ರಸಂಗ ಮತ್ತು ಊರು ಎಂಬ ಕ್ರಮದಲ್ಲಿ, ಉದಾಹರಣೆಗೆ ‘2024-04-21 ಮಹಾವೀರ ಜಯಂತಿ ಆಳಂದ’ ಎಂದು ಬರೆದರೆ ಕಂಪ್ಯೂಟರು ತಾನಾಗಿಯೇ ಕಾಲಾನುಕ್ರಮದಲ್ಲಿ ಜೋಡಿಸುತ್ತದೆ. ವರ್ಷಕ್ಕೊಂದು ಫೋಲ್ಡರ್, ಅದರೊಳಗೆ ಪ್ರಸಂಗಕ್ಕೊಂದು. ಚಿತ್ರದಲ್ಲಿರುವವರನ್ನು ಎಡದಿಂದ ಬಲಕ್ಕೆ ಪೂರ್ಣ ಹೆಸರಿನಿಂದ ಗುರುತಿಸಬೇಕು. ‘ಕಾಕಾ’ ಎಂದು ಬರೆದರೆ ಮೂವತ್ತು ವರ್ಷದ ಮೇಲೆ ಯಾರ ಕಾಕಾ ಎಂಬ ಪ್ರಶ್ನೆ ಉಳಿಯುತ್ತದೆ. ಮನೆಯ ಹೆಣ್ಣುಮಕ್ಕಳ ಹೆಸರನ್ನು ತವರಿನ ಊರು ಸಹಿತ ಬರೆಯಬೇಕು. ‘ಇಂಥವರ ಹೆಂಡತಿ’ ಎಂದಷ್ಟೇ ಬರೆದು ಮುಗಿಸಿದ ಕಾರಣಕ್ಕೆ ಎಷ್ಟೋ ಮನೆತನಗಳಲ್ಲಿ ಮುತ್ತಜ್ಜಿಯ ಹೆಸರೇ ಅಳಿಸಿಹೋಗಿದೆ. ಹಳೆಯ ಚಿತ್ರಗಳ ಮಟ್ಟಿಗೆ ಈ ಕೆಲಸ ತುರ್ತಿನದು. ಮುಖ ಗುರುತಿಸಬಲ್ಲ ಅಜ್ಜಿ ಇರುವಾಗಲೇ ಆಕೆಯ ಪಕ್ಕದಲ್ಲಿ ಕುಳಿತು ಕೇಳಿ ಬರೆದುಕೊಳ್ಳಬೇಕು. ಕಾಗದದ ಚಿತ್ರದ ಬೆನ್ನಿಗೆ ಬಾಲ್‌ಪೆನ್ನಿನಿಂದ ಬರೆದರೆ ಅದರ ಒತ್ತು ಮುಂಬದಿಗೆ ಮೂಡುತ್ತದೆ. ಮೆತ್ತನೆಯ ಪೆನ್ಸಿಲಿನಿಂದ ಹಗುರಾಗಿ ಬರೆಯಬೇಕು. ಸಣ್ಣ ಅಳತೆಯ ಹಳೆಯ ಚಿತ್ರಗಳನ್ನು ಮೊಬೈಲಿನಿಂದ ಮರುಚಿತ್ರ ತೆಗೆಯುವುದಕ್ಕಿಂತ ಸ್ಕ್ಯಾನರಿನಲ್ಲಿಟ್ಟು 600 ಡಿಪಿಐ ಪ್ರಮಾಣದಲ್ಲಿ ತೆಗೆಸುವುದು ಉತ್ತಮ. ಲ್ಯಾಮಿನೇಶನ್ ಮಾತ್ರ ಮಾಡಿಸಲೇಬಾರದು.

ಮೂರನೆಯದು, ಪ್ರತಿ ಮಾಡುವುದು. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋ ಅವರು ಪ್ರಚುರಪಡಿಸಿದ ಒಂದು ಸೂತ್ರವುಂಟು: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ. ಇದು ಈ ಭಾಗದ ಕುಟುಂಬಗಳಿಗೆ ಹೇಳಿಮಾಡಿಸಿದಂತಿದೆ. ಒಂದು ಪ್ರತಿ ಮನೆಯ ಕಂಪ್ಯೂಟರಿನಲ್ಲೋ ಹಾರ್ಡ್ ಡಿಸ್ಕಿನಲ್ಲೋ. ಎರಡನೆಯದು ಗೂಗಲ್ ಮೊದಲಾದ ದೂರದ ಖಾತೆಯಲ್ಲಿ. ಮೂರನೆಯದು ಇನ್ನೊಂದು ಹಾರ್ಡ್ ಡಿಸ್ಕಿನಲ್ಲಿ, ಸೊಲ್ಲಾಪುರದ ಸೋದರಮಾವನ ಮನೆಯಲ್ಲೋ ಪುಣೆಯ ಮಗಳ ಮನೆಯಲ್ಲೋ. ಭೀಮೆ ಉಕ್ಕಿದರೂ, ಕಳ್ಳರು ನುಗ್ಗಿದರೂ, ದೂರದ ಸಂಸ್ಥೆ ಕರಾರು ಬದಲಿಸಿದರೂ ಒಂದು ಉಳಿಯುತ್ತದೆ. ಮದುವೆಯ ಛಾಯಾಗ್ರಾಹಕರು ಕೊಡುವ ಪೆನ್ ಡ್ರೈವನ್ನು ಬೀರುವಿನಲ್ಲಿಟ್ಟು ಮರೆಯುವ ರೂಢಿ ಅಪಾಯಕರ. ಪೆನ್ ಡ್ರೈವ್ ಒಯ್ಯುವ ಚೀಲವೇ ಹೊರತು ಕಣಜವಲ್ಲ. ವಾಟ್ಸಾಪಿನಲ್ಲಿ ಕಳುಹಿಸುವುದು ಅನಿವಾರ್ಯವಾದಾಗ ಚಿತ್ರವನ್ನು ಡಾಕ್ಯುಮೆಂಟ್ ರೂಪದಲ್ಲಿ ಕಳುಹಿಸಿದರೆ ಅದು ಕುಗ್ಗುವುದಿಲ್ಲ, ದಿನಾಂಕವೂ ಉಳಿಯುತ್ತದೆ.

ನಾಲ್ಕನೆಯದು, ಅಚ್ಚು ಹಾಕಿಸುವುದು. ವರ್ಷಕ್ಕೆ ಇಪ್ಪತ್ತನಾಲ್ಕು ಚಿತ್ರಗಳನ್ನಾದರೂ ಒಳ್ಳೆಯ ಕಾಗದದ ಮೇಲೆ ತೆಗೆಸಿ ಆಲ್ಬಮ್ಮಿಗೆ ಹಾಕಬೇಕು. ಆಲ್ಬಮ್ಮನ್ನು ನಂಬಿದ ಹಿರಿಯರ ಮಾತಿನಲ್ಲಿದ್ದ ಸತ್ಯಾಂಶ ಇದೇ.

ಐದನೆಯದು, ವಾರಸು. ಹೊಲಕ್ಕೂ ಬ್ಯಾಂಕಿನ ಠೇವಣಿಗೂ ನಾಮಿನಿ ಬರೆಯುವವರು ಚಿತ್ರಗಳಿಗೆ ಬರೆಯುವುದಿಲ್ಲ. ಖಾತೆ ಇಷ್ಟು ತಿಂಗಳು ನಿಷ್ಕ್ರಿಯವಾದರೆ ಇಂಥವರಿಗೆ ಒಪ್ಪಿಸಬೇಕೆಂದು ಮೊದಲೇ ಸೂಚಿಸಿಡುವ ಅನುಕೂಲ ಗೂಗಲ್ ಖಾತೆಯಲ್ಲಿದೆ. ಆಪಲ್ ಸಂಸ್ಥೆಯೂ 2021ರಿಂದ ಅಂಥದೊಂದು ಏರ್ಪಾಟನ್ನು ಮಾಡಿದೆ. ಹತ್ತು ನಿಮಿಷದ ಕೆಲಸ. ಮೊಬೈಲಿನ ಪಾಸ್‌ವರ್ಡನ್ನು ಒಂದು ಲಕೋಟೆಯಲ್ಲಿ ಬರೆದು ಮೊಹರು ಮಾಡಿ ಮನೆಯ ಮೃತ್ಯುಪತ್ರದ ಜೊತೆ ಇಟ್ಟರೆ, ಆರಂಭದಲ್ಲಿ ಹೇಳಿದ ಕಪಾಟಿನ ಮೊಬೈಲು ಮೂಕವಾಗಿ ಉಳಿಯುವುದಿಲ್ಲ.

ಟ್ರಸ್ಟುಗಳ ಹೊಣೆ

ಮನೆಗಳನ್ನು ಹೀಗೆ ತರಾಟೆಗೆ ತೆಗೆದುಕೊಂಡು ಬಸದಿಯ ಟ್ರಸ್ಟುಗಳನ್ನು ಬಿಟ್ಟರೆ ನ್ಯಾಯವಾಗದು. ಪಂಚಕಲ್ಯಾಣಕ್ಕೆ ಲಕ್ಷಗಟ್ಟಲೆ ವೆಚ್ಚ ಮಾಡಿ, ಹತ್ತು ಕ್ಯಾಮೆರಾಗಳಿಂದ ಚಿತ್ರೀಕರಿಸಿ, ಐದು ವರ್ಷದ ಮೇಲೆ ಒಂದು ಚಿತ್ರ ಬೇಕೆಂದರೆ ‘ಅಂದಿನ ಕಾರ್ಯದರ್ಶಿಗಳ ಮೊಬೈಲಿನಲ್ಲಿತ್ತು’ ಎನ್ನುವ ಟ್ರಸ್ಟುಗಳಿವೆ. ದಾನಿಗಳ ಹೆಸರು ಗ್ರಾನೈಟಿನ ಮೇಲೆ ಕೆತ್ತಲ್ಪಟ್ಟಿದೆ. ಜೀರ್ಣೋದ್ಧಾರಕ್ಕೆ ಮೊದಲು ಬಸದಿ ಹೇಗಿತ್ತೆಂದು ತೋರಿಸುವ ಒಂದು ಚಿತ್ರವಿಲ್ಲ.

ಇಲ್ಲಿಯೇ ಮನೆಯ ಚಿತ್ರಕ್ಕೆ ಬರುವ ಅನಿರೀಕ್ಷಿತ ಮಹತ್ತ್ವವನ್ನು ಗಮನಿಸಬೇಕು. ಅರವತ್ತು ವರ್ಷಗಳ ಹಿಂದೆ ಮದುಮಕ್ಕಳು ಬಸದಿಯ ಮುಂದೆ ನಿಂತು ತೆಗೆಸಿಕೊಂಡ ಚಿತ್ರದ ಹಿನ್ನೆಲೆಯಲ್ಲಿ ಹಳೆಯ ಮಾನಸ್ತಂಭವಿರಬಹುದು, ಈಗ ಸುಣ್ಣದಡಿ ಮುಚ್ಚಿದ ಶಾಸನದ ಕಲ್ಲು ಇರಬಹುದು, ಅಂದಿನ ಧಾತುಬಿಂಬಗಳಿರಬಹುದು. ಕಲಬುರಗಿ ಜಿಲ್ಲೆಯ ಜೈನ ಶಾಸನಗಳನ್ನು ಓದಿ ಡಾ. ಪಿ. ಬಿ. ದೇಸಾಯಿಯವರು ಬರೆದ ಗ್ರಂಥವು 1957ರಲ್ಲಿ ಸೊಲ್ಲಾಪುರದಿಂದ ಪ್ರಕಟವಾಯಿತು. ಕಲ್ಲಿಗೆ ಏನೇ ಆದರೂ ಅದರ ಪಾಠ ಆ ಗ್ರಂಥದಲ್ಲಿ ಉಳಿದಿದೆ. ಶಾಸನಕ್ಕೆ ಗ್ರಂಥ ಮಾಡಿದ ಉಪಕಾರವನ್ನು ಬಸದಿಯ ರೂಪಕ್ಕೆ ಮಾಡಬಲ್ಲದ್ದು ಮನೆಮನೆಯ ಆಲ್ಬಮ್ಮೇ.

ಕಳವಿನ ಪ್ರಸಂಗದಲ್ಲಂತೂ ಚಿತ್ರವೇ ಸಾಕ್ಷಿ. ತಮಿಳುನಾಡಿನ ಶ್ರೀಪುರಂದಾನ್ ದೇಗುಲದಿಂದ ಕಳುವಾದ ನಟರಾಜನ ವಿಗ್ರಹವನ್ನು ಆಸ್ಟ್ರೇಲಿಯದ ರಾಷ್ಟ್ರೀಯ ಕಲಾಶಾಲೆ 2008ರಲ್ಲಿ ಕೊಂಡಿತ್ತು. ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯ ಸಂಗ್ರಹದಲ್ಲಿದ್ದ ಹಳೆಯ ಚಿತ್ರಗಳು ಆ ವಿಗ್ರಹದ ಗುರುತು ಹಿಡಿಯಲು ನೆರವಾದವು. 2014ರಲ್ಲಿ ಅದು ಭಾರತಕ್ಕೆ ಮರಳಿತು. ಚಿತ್ರವಿಲ್ಲದ ಬಿಂಬ ಕಳುವಾದರೆ ‘ಒಂದು ಗೇಣಿನ ಪಾರ್ಶ್ವನಾಥ’ ಎಂಬ ದೂರಿನ ಮೇಲೆ ಪೊಲೀಸರು ಏನನ್ನು ಹುಡುಕಬೇಕು? 1972ರ ಪ್ರಾಚ್ಯವಸ್ತು ಕಾಯ್ದೆಯಡಿ ಅಧಿಸೂಚಿತ ಪ್ರಾಚೀನ ವಿಗ್ರಹಗಳನ್ನು ನೋಂದಾಯಿಸುವಾಗಲೂ ಛಾಯಾಚಿತ್ರ ಒದಗಿಸಬೇಕಾಗುತ್ತದೆ. ಆದುದರಿಂದ ಪ್ರತಿಯೊಂದು ಬಿಂಬವನ್ನು ಮುಂದೆ, ಹಿಂದೆ, ಎರಡು ಪಕ್ಕಗಳಿಂದ, ಪೀಠದ ಲೇಖನ ಸ್ಪಷ್ಟವಾಗಿ ಕಾಣುವಂತೆ, ಅಳತೆಪಟ್ಟಿಯನ್ನು ಪಕ್ಕದಲ್ಲಿಟ್ಟು ಚಿತ್ರಿಸಿ ದಾಸ್ತಾನು ಪುಸ್ತಕದೊಡನೆ ಇಡುವುದು ಟ್ರಸ್ಟಿನ ಕರ್ತವ್ಯ. ಹೊಸ ಆಡಳಿತ ಮಂಡಳಿ ಅಧಿಕಾರ ವಹಿಸಿಕೊಳ್ಳುವಾಗ ನಗದು ಶಿಲ್ಕಿನ ಜೊತೆಗೆ ಈ ಚಿತ್ರಗಳ ಹಾರ್ಡ್ ಡಿಸ್ಕನ್ನೂ ಸಹಿ ಹಾಕಿ ಒಪ್ಪಿಸಿಕೊಳ್ಳಬೇಕು. ಈ ಚಿತ್ರಗಳು ಜಾಲತಾಣಕ್ಕೆ ಏರಕೂಡದು. ಬೆಲೆಬಾಳುವ ಬಿಂಬ ಎಲ್ಲಿದೆಯೆಂದು ಕಳ್ಳನಿಗೆ ತಾವೇ ವಿಳಾಸ ಕೊಟ್ಟಂತಾಗುತ್ತದೆ.

ಉಳಿಸುವುದಕ್ಕೂ ಬಿತ್ತರಿಸುವುದಕ್ಕೂ ಇರುವ ಭೇದವನ್ನು ಮನೆಯವರೂ ಅರಿಯಬೇಕು. ಸ್ನಾನಮಾಡುವ ಮಗುವಿನ ಚಿತ್ರ, ಆಸ್ಪತ್ರೆಯ ಹಾಸಿಗೆಯ ಮೇಲಿನ ಮುದುಕಿಯ ಚಿತ್ರ, ಸಲ್ಲೇಖನಸ್ಥರ ಕೊನೆಯ ಘಳಿಗೆಯ ಚಿತ್ರ ಗುಂಪಿನಿಂದ ಗುಂಪಿಗೆ ಹಾರಾಡುವುದು ಆ ಜೀವಕ್ಕೆ ಮಾಡಿದ ಅವಮಾನ. ಮುಖ ಯಾರದೋ ಅವರ ಒಪ್ಪಿಗೆಯಿಲ್ಲದೆ ಹಂಚುವುದು ಅದತ್ತಾದಾನಕ್ಕೆ ಸಮೀಪವಾದ ದೋಷವೆಂಬುದನ್ನು ಬಲ್ಲವರು ಅಲ್ಲಗಳೆಯಲಾರರು.

ಶ್ರುತಪಂಚಮಿಯ ಸಂಕಲ್ಪ

ಜ್ಯೇಷ್ಠ ಶುದ್ಧ ಪಂಚಮಿಯಂದು ಬಸದಿಗಳಲ್ಲಿ ಶಾಸ್ತ್ರಗಳನ್ನು ಹೊರಗೆ ತೆಗೆದು, ಧೂಳು ಒರೆಸಿ, ಹುಳು ಬಿದ್ದಿದೆಯೇ ಎಂದು ನೋಡಿ, ಹೊಸ ವಸ್ತ್ರದಲ್ಲಿ ಕಟ್ಟಿ ಪೂಜಿಸುವ ಸಂಪ್ರದಾಯವಿದೆ. ಪೂಜೆಯೂ ಆಯಿತು, ತಪಾಸಣೆಯೂ ಆಯಿತು. ಹಿಂದಿನವರ ಜಾಣ್ಮೆ ಅದು. ಅದೇ ದಿನ ಮಧ್ಯಾಹ್ನ ಮನೆಯಲ್ಲಿ ಹಾರ್ಡ್ ಡಿಸ್ಕನ್ನು ಹೊರಗೆ ತೆಗೆದು ತೆರೆದು ನೋಡಬೇಕು. ಕಳೆದ ವರ್ಷದ ಚಿತ್ರಗಳು ತೆರೆಯುತ್ತವೆಯೇ, ದೂರದ ಖಾತೆಯಲ್ಲಿ ಜಾಗವಿದೆಯೇ, ಬೇರೆ ಊರಿನಲ್ಲಿರುವ ಪ್ರತಿಗೆ ಈ ವರ್ಷದ್ದು ಸೇರಿತೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬೇಕು. ಐದಾರು ವರ್ಷಕ್ಕೊಮ್ಮೆ, ಡಿಸ್ಕು ಕೆಡುವ ಮೊದಲೇ, ಹೊಸದಕ್ಕೆ ಪ್ರತಿ ಮಾಡಬೇಕು. ತಾಳೆಗರಿ ಸವೆದಾಗ ಲಿಪಿಕಾರರು ಮಾಡುತ್ತಿದ್ದುದು ಇದನ್ನೇ.

ಅದೇ ದಿನ ಮನೆಯ ಹಿರಿಯರನ್ನು ಬೆಳಕಿರುವ ಪಡಸಾಲೆಯಲ್ಲಿ ಕೂಡಿಸಿ, ಅವರಿಗೆ ಪ್ರಿಯವಾದ ಉಡುಪಿನಲ್ಲಿ ಒಂದು ಒಳ್ಳೆಯ ಚಿತ್ರ ತೆಗೆದು, ಹೆಸರು, ದಿನ, ಊರು ಬರೆದು, ಮೂರು ಕಡೆ ಇಡಬೇಕು. ಹಾಗೆ ಮಾಡಿದ ಮನೆಯಲ್ಲಿ ಮುಂದೆಂದೋ ಆ ಸಂಜೆ ಬಂದಾಗ ಯಾರೂ ಮೊಬೈಲುಗಳನ್ನು ತಡಕಾಡಬೇಕಾಗುವುದಿಲ್ಲ.